ಹವಾನಾಕ್ಕೆ ಕೊಂಡೊಯ್ದ ಹೊಗೆಸೊಪ್ಪು

ನಮ್ಮ ಕಟ್ಟೆಮಳಲವಾಡಿಯಲ್ಲಿ ಯಾರು ಸಿಕ್ಕರೂ ಹವಾನಾ ಹೇಗಿತ್ತು ಎಂದು ಕೇಳುತ್ತಾರೆ. ಊರು ಚೆನ್ನಾಗಿತ್ತು ಎನ್ನುತ್ತೇನೆ. ನಿಜ ಹೇಳಬೇಕೆಂದರೆ ಊರಿಗಿಂತ ನನಗೆ ಚೆನ್ನಾಗಿ ನೆನಪಿರುವುದು ನಮ್ಮನ್ನು ಅಲ್ಲಿಗೆ ಹೊತ್ತೊಯ್ದ ಹಾಯಿದೋಣಿಯ ನೆಲದ ಒಂದು ಹಲಗೆ. ಒಂದು ಮೊಳ ಉದ್ದ, ಒಂದು ಗೇಣು ಅಗಲ, ಎತ್ತುವುದಕ್ಕೆ ಹಿತ್ತಾಳೆಯ ಸಣ್ಣ ಬಳೆ. ಆ ಹಲಗೆಯನ್ನು ನಾನು ಮುಟ್ಟದೆ ಇದ್ದಿದ್ದರೆ ಈಗ ಕೂತು ಬರೆಯುವ ಕೆಲಸವಿರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದಕ್ಕಿಂತ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗೆ ಸೌದೆ ಹಾಕುವುದು ನನಗೆ ಸಲೀಸು.

ನನ್ನ ಮಗಳನ್ನು ಕೆ.ಆರ್. ನಗರದ ಕಡೆ ಭತ್ತದ ಊರಿಗೆ ಕೊಟ್ಟಿದ್ದೇವೆ. ಅವಳ ಮಗಳು ಮೈಸೂರಿನಲ್ಲಿ ಅಡುಗೆಯ ಕೋರ್ಸು ಕಲಿತು ದೊಡ್ಡ ಹಡಗುಗಳ ಅಡುಗೆಮನೆ ಸೇರಿದಳು. ಅಲ್ಲೇ ಸಿಕ್ಕವನನ್ನು ಮದುವೆಯಾದಳು. ಹುಡುಗ ಎಚ್.ಡಿ. ಕೋಟೆಯ ಆಚೆ, ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಸಿಗುವ ವಯನಾಡಿನವನು. ಮನೆಮಾತು ಮಲಯಾಳ, ಕೋಟೆ ಸಂತೆಯಲ್ಲಿ ಕಲಿತ ಕನ್ನಡ. ಮೊಮ್ಮಗಳ ಗಂಡನಾದರೂ ನನ್ನ ಬಾಯಲ್ಲಿ ಅಳಿಯನೇ. ಈಗ ಅವನು ಒಂದು ಹಾಯಿದೋಣಿಗೆ ಕ್ಯಾಪ್ಟನ್, ಅವಳು ಅದೇ ದೋಣಿಯ ಅಡುಗೆಯವಳು. ಯಾಟ್ ಎನ್ನುತ್ತಾರೆ ಅದಕ್ಕೆ. ಧಣಿ ಒಬ್ಬ ವಯಸ್ಸಾದ ಬಿಳಿಯ. ವರ್ಷಕ್ಕೆ ನಾಲ್ಕೈದು ಸಲ ಬಂದು ಹೋಗುತ್ತಾನೆ. ಉಳಿದ ದಿನ ದೋಣಿಯನ್ನು ನೋಡಿಕೊಳ್ಳುವವರು ಇವರಿಬ್ಬರು. ವಾಸವೂ ಅದರಲ್ಲೇ. ಬೇರೆ ಮನೆ ಎಂದು ಇಲ್ಲ.

ಆ ವರ್ಷ ಧಣಿ ಮೊದಲ ಸಲ ಒಂದು ಮಾತು ಕೊಟ್ಟಿದ್ದ. ಮೆಕ್ಸಿಕೋದ ದ್ವೀಪವೊಂದರಲ್ಲಿದ್ದ ದೋಣಿಯನ್ನು ಕ್ಯೂಬಾದ ರಾಜಧಾನಿ ಹವಾನಾಕ್ಕೆ ತೆಗೆದುಕೊಂಡು ಹೋಗಬೇಕು. ಅವನು ಅಲ್ಲಿಗೆ ಬರುವುದು ಎರಡು ವಾರ ಬಿಟ್ಟು. ಅಷ್ಟರಲ್ಲಿ ನಿಮ್ಮ ಮನೆಯವರನ್ನು ಕರೆಸಿಕೊಂಡು ಊರು ತೋರಿಸಿ ಎಂದು. ಒಂದೇ ಷರತ್ತು: ದೋಣಿಯ ಕಾಗದಪತ್ರದ ಮೇಲೆ ಎಲ್ಲೂ ತಕರಾರು ಬರಕೂಡದು. ಹಿಂದಿನ ಕ್ಯಾಪ್ಟನ್‌ನನ್ನು ಅಂಥದ್ದೇ ಒಂದು ತಕರಾರಿಗೆ ಅವನು ತೆಗೆದುಹಾಕಿದ್ದನಂತೆ. ಈ ಸಲ ಸರಿಹೋದರೆ ಮುಂದಿನ ವರ್ಷ ನನ್ನ ಮಗಳ ಸರದಿ. ಅವಳು ಆಗಲೇ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು. "ನೀನು ಮೊದ್ಲು ಓಗ್ಬುಟ್ಟು ಬಾರವ್ವ, ನಂಗಿನ್ನೂ ಕಾಲ ಐತೆ" ಎಂದು ನನ್ನನ್ನು ಮುಂದೆ ತಳ್ಳಿದ್ದು ಅವಳೇ.

ಹೊಗೆಸೊಪ್ಪಿನ ಹರಾಜು ಮುಗಿದು ಬ್ಯಾರನ್ ಬೆಂಕಿ ಆರಿತ್ತು. ಸಸಿ ಪಾತಿ ಹಾಕಲು ಇನ್ನೂ ಒಂದು ತಿಂಗಳಿತ್ತು. ನಾನು ಹೊರಟೆ.

ನನಗೆ ಎಲೆಅಡಿಕೆ ಬೇಕು, ಅದರ ಜೊತೆಗೆ ಸೊಪ್ಪು ಬೇಕು. ಹರಾಜಿಗೆ ಹಾಕುವ ಬ್ಯಾರನ್ ಸೊಪ್ಪು ನನ್ನ ಬಾಯಿಗೆ ಆಗುವುದಿಲ್ಲ. ಹಿತ್ತಿಲಲ್ಲಿ ನಾಲ್ಕು ಗಿಡ ಬೆಳೆಸಿ, ಕೊಟ್ಟಿಗೆಯ ಜಂತೆಗೆ ಕಟ್ಟಿ, ನೆರಳಲ್ಲೇ ಒಣಗಿಸಿಕೊಳ್ಳುತ್ತೇನೆ. ಹೊರಡುವಾಗ ಎರಡು ಕಟ್ಟು ಇಟ್ಟುಕೊಂಡೆ. ದಾರಿಯ ವಿಮಾನ ನಿಲ್ದಾಣಗಳಲ್ಲಿ ಯಾರೂ ಕೇಳಲಿಲ್ಲ. ಮೆಕ್ಸಿಕೋದಲ್ಲಿ ಇಳಿದ ದಿನವೇ ಮೊಮ್ಮಗಳು ಒಂದು ಕಟ್ಟನ್ನು ಕಂಡುಹಿಡಿದು ಕಸದ ಡಬ್ಬಿಗೆ ಹಾಕಿದಳು. ಬಾಯಿ ಹುಣ್ಣಾಗಿ ಸಾಯುತ್ತೀಯ ಎಂದು ಗಂಡನ ಎದುರಿಗೇ ನನಗೆ ಪಾಠ ಹೇಳಿದಳು. ಇನ್ನೊಂದು ಕಟ್ಟು ಅವಳಿಗೆ ಸಿಗಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಕುಪ್ಪಸದೊಳಗೆ ಮಡಚಿ ಚೀಲದ ತಳದಲ್ಲಿಟ್ಟಿದ್ದೆ.

ಸಮುದ್ರದ ಮೇಲೆ ಎರಡು ದಿನ ನಾನು ಮನುಷ್ಯಳಾಗಿರಲಿಲ್ಲ. ಅದಕ್ಕೆ ಮೊದಲು ನಾನು ಹತ್ತಿದ್ದ ದೋಣಿಯೆಂದರೆ ಕಬಿನಿ ಹಿನ್ನೀರಿನ ಹರಿಗೋಲು. ಅದು ತಿರುಗುತ್ತದೆ, ಇದು ಕುಕ್ಕುತ್ತದೆ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕೆಳಗಿನ ಕೋಣೆಯಲ್ಲಿ ಮಲಗಿ, ಅಳಿಯ ಮಾಡುವುದನ್ನೆಲ್ಲ ನೋಡುತ್ತಿದ್ದೆ. ದಿನಾ ಬೆಳಿಗ್ಗೆ ಅವನು ಬಂದು ಆ ಹಲಗೆಯನ್ನು ಎತ್ತಿ, ಬ್ಯಾಟರಿ ಬೆಳಕು ಬಿಟ್ಟು, ತಳದಲ್ಲಿ ನೀರು ನಿಂತಿದೆಯೇ ಎಂದು ನೋಡುತ್ತಿದ್ದ. ನಾನು ಬ್ಯಾರನ್ ಕಿಟಕಿಯಲ್ಲಿ ಬಿಸಿ ಎಷ್ಟಿದೆ ಎಂದು ಬಗ್ಗಿ ನೋಡುವಂತೆಯೇ ಅವನೂ ಬಗ್ಗುತ್ತಿದ್ದ. ಕೆಲಸ ಗೊತ್ತಿರುವವನು ಎಂದು ಆಗ ಅನ್ನಿಸಿತು. ಅಲ್ಲಿಯವರೆಗೆ ನನಗೆ ಅವನ ಬಗ್ಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನೆಲ ಕಂಡಿತು. ಅಳಿಯ ದುರ್ಬೀನು ಕೊಟ್ಟ. ದೂರದಲ್ಲಿ, ಪೂರ್ವಕ್ಕೆ, ದಡದುದ್ದಕ್ಕೂ ಬಿಳಿ ಮತ್ತು ಹಳದಿ ಕಟ್ಟಡಗಳು, ಒಂದು ಗೋಪುರ, ಅದರಾಚೆ ಮಂಜಿನಲ್ಲಿ ಮಸುಕಾಗಿ ಒಂದು ಕೋಟೆ. ದೋಣಿಗಳು ನಿಲ್ಲುವ ಕಟ್ಟೆ ಊರಿನಿಂದ ಈಚೆಗೇ ಇತ್ತು. ಅಲ್ಲಿ ಆಫೀಸರುಗಳು ಹತ್ತಿ ಎಲ್ಲ ನೋಡಿ ಮುಗಿಸುವವರೆಗೆ ಹಳದಿ ಬಾವುಟ ಏರಿಸಿರಬೇಕು, ಯಾರೂ ನೆಲಕ್ಕೆ ಕಾಲಿಡಬಾರದು. ಅದು ಕಾಯಿದೆ.

ಅಳಿಯ ಒಂದು ಫಾರಂ ಹಿಡಿದು ನನ್ನ ಎದುರಿಗೆ ಕೂತ. ಮಾಂಸ, ಹಣ್ಣು, ಬೀಜ, ಮಣ್ಣು, ಸೊಪ್ಪುಸದೆ, ಯಾವುದಿದ್ದರೂ ಬರೆಯಬೇಕು ಎಂದು ಒಂದೊಂದಾಗಿ ಓದಿ ಹೇಳಿದ.

"ಅಮ್ಮಮ್ಮ, ಹೊಗೆಸೊಪ್ಪು ಇನ್ನೂ ಇದೆಯಾ? ಇದ್ರೆ ಬರೀತೀನಿ. ಬರೆದು ತೋರಿಸಿದ್ರೆ ಅವರು ತಗೊಂಡು ಹೋಗ್ತಾರೆ, ಅಷ್ಟೇ. ಬರೀದೆ ಸಿಕ್ಕಿದ್ರೆ ತೊಂದರೆ."

ಮೊಮ್ಮಗಳು ಒಲೆಯ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಇದೆ ಎಂದರೆ ಅವಳು ಮತ್ತೆ ಬಾಯಿ ಬಿಡುತ್ತಾಳೆ, ಅದೂ ಅವನ ಎದುರಿಗೆ. ನನಗೆ ಅದು ಬೇಡವಾಗಿತ್ತು. ಬೇರೆ ಕಾರಣವಿಲ್ಲ.

"ಮುಗ್ದೋಯ್ತು" ಎಂದೆ.

ಅವನು ಫಾರಂನಲ್ಲಿ ಇಲ್ಲ ಎಂದು ಬರೆದು ಸಹಿ ಹಾಕಿದ.

ಕಟ್ಟೆ ಸೇರಿದೆವು. ಮೊದಲು ಒಬ್ಬ ಡಾಕ್ಟರಮ್ಮ ಹತ್ತಿ, ಎಲ್ಲರ ಹಣೆಗೆ ಜ್ವರದ ಯಂತ್ರ ಹಿಡಿದು ಇಳಿದುಹೋದಳು. ಅಳಿಯ, ಮೊಮ್ಮಗಳು ಇಬ್ಬರೂ ಮೇಲೆ ಹಗ್ಗ ಬಿಗಿಯುತ್ತಿದ್ದರು. ಕೆಳಗೆ ನಾನೊಬ್ಬಳೇ. ಆಗ ಗಾಡಿಯೊಂದು ಬಂದು ನಿಂತ ಸದ್ದಾಯಿತು. ಬಾಗಿಲು ಬಡಿದವು. ಬೂಟುಗಾಲಿನ ಶಬ್ದ. ದುಂಡು ಕಿಟಕಿಯಿಂದ ನೋಡಿದರೆ ಖಾಕಿಯಂಥ ಬಟ್ಟೆಯವರು ಮೂವರು, ಒಂದು ನಾಯಿ.

ನನ್ನ ಕೈ ನನ್ನನ್ನು ಕೇಳಲಿಲ್ಲ.

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಬೇಕು. ಹೊಗೆಸೊಪ್ಪು ಬೆಳೆಯುವುದಕ್ಕೆ ಲೈಸೆನ್ಸ್ ಬೇಕು. ನಾನು ಸೊಸೆಯಾಗಿ ಬಂದ ಮೇಲೆ ಎಷ್ಟೋ ವರ್ಷ ನಮ್ಮ ಮನೆಗೆ ಅದು ಇರಲಿಲ್ಲ, ಆದರೂ ಬೆಳೆಯುತ್ತಿದ್ದೆವು. ಊರಲ್ಲಿ ಅರ್ಧ ಜನ ಹಾಗೇ. ಹುಣಸೂರಿನ ಕಡೆಯಿಂದ ಆಫೀಸರುಗಳ ಜೀಪು ಬರುವ ಸದ್ದು ಕೇಳಿದರೆ ಸಾಕು, ಹೆಂಗಸರು ಮಾಡುವ ಕೆಲಸ ಒಂದೇ. ಮಗು ಅಳುತ್ತಿದ್ದರೂ ಅಳಲಿ, ಸಾರು ಉಕ್ಕಿದರೂ ಉಕ್ಕಲಿ, ಮೊದಲು ಸೊಪ್ಪು ಮರೆಯಾಗಬೇಕು. ಹುಲ್ಲಿನ ಮೆದೆಯೊಳಗೆ, ದನ ಮೇಯುವ ಗೊಂತಿನ ಅಡಿ, ಕೊಟ್ಟಿಗೆಯ ಹಾಸುಗಲ್ಲು ಎತ್ತಿ ಅದರ ಕೆಳಗೆ. ಯಾರು ಬಂದರು, ಯಾಕೆ ಬಂದರು ಎಂದು ನೋಡುವುದು ಆಮೇಲೆ. ಅತ್ತೆ ನನಗೆ ಮುದ್ದೆ ತಿರುವುವುದು ಕಲಿಸುವ ಮೊದಲು ಇದನ್ನು ಕಲಿಸಿದ್ದರು. ಆಮೇಲೆ ಲೈಸೆನ್ಸ್ ಬಂತು, ಜೀಪಿನ ಭಯ ಹೋಯಿತು. ಕೈಗೆ ಕಲಿತದ್ದು ಮಾತ್ರ ಹೋಗಿರಲಿಲ್ಲ.

ಚೀಲದ ತಳದಿಂದ ಕಟ್ಟನ್ನು ತೆಗೆದೆ. ಬಳೆ ಹಿಡಿದು ಹಲಗೆ ಎತ್ತಿದೆ. ಕೆಳಗೆ ಕೊಳವೆಗಳ ಸಂದಿಯಲ್ಲಿ ಒಣಗಿದ ಜಾಗ ನೋಡಿ ಸಿಕ್ಕಿಸಿದೆ. ಹಲಗೆ ಮುಚ್ಚಿದೆ. ಅದರ ಮೇಲೆ ಎರಡೂ ಪಾದ ಊರಿ, ಸೆರಗು ಹೊದ್ದು ಕೂತೆ. ಮುದುಕಿ ನಾನು, ಅಷ್ಟು ಚುರುಕು ಎಲ್ಲಿತ್ತೋ.

ನಾಯಿಯವನ ಜೊತೆ ಇನ್ನೊಬ್ಬ ಪೊಲೀಸಿನಂಥವನು, ಮತ್ತೆ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸಿನವಳು, ದಪ್ಪ ಕನ್ನಡಕ, ಕೈಗೆ ತೆಳು ಗವಸು. ಗಿಡ ಮರ, ಕಾಳು ಕಡ್ಡಿ ನೋಡುವ ಆಫೀಸರು ಎಂದು ಅವರ ಹಿಂದೆಯೇ ಇಳಿದು ಬಂದ ಮೊಮ್ಮಗಳು ಹೇಳಿದಳು. ಆಫೀಸರಮ್ಮ ಅಡುಗೆ ಕಪಾಟು ತೆರೆದು ಅಕ್ಕಿ, ಬೇಳೆ, ಈರುಳ್ಳಿ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ನನ್ನ ಬಾಯಿಯ ಕಡೆ ನೋಡಿ ಏನೋ ಕೇಳಿದಳು. ಹೊಗೆಸೊಪ್ಪು ತಿನ್ನುತ್ತಾರೆಯೇ ಎಂದು. ಇತ್ತು, ಮುಗಿದಿದೆ ಎಂದು ಮೊಮ್ಮಗಳು ಧೈರ್ಯವಾಗಿ ಉತ್ತರ ಕೊಟ್ಟಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನನ್ನ ಸುಳ್ಳಿಗೆ ಅವಳನ್ನೂ ಸೇರಿಸಿದಂತಾಯಿತು.

ನಾಯಿ ಮೊದಲು ನನ್ನ ಚೀಲದ ಹತ್ತಿರ ಹೋಗಿ ಮೂಗು ತೂರಿಸಿತು. ಅಲ್ಲೇನೂ ಸಿಗಲಿಲ್ಲ. ಬಂದು ನನ್ನ ಸೀರೆಯ ಅಂಚು ಮೂಸಿತು. ಆಮೇಲೆ ನನ್ನ ಪಾದ. ಪಾದದ ಮುಂದೆ ಕೂತುಬಿಟ್ಟಿತು. ಬೊಗಳಲಿಲ್ಲ, ಕೆರೆಯಲಿಲ್ಲ, ಸುಮ್ಮನೆ ಕೂತು ತನ್ನ ಯಜಮಾನನ ಮುಖ ನೋಡಿತು. ಅವನು ನನಗೆ ಏಳುವಂತೆ ಸನ್ನೆ ಮಾಡಿದ. ನಾನು ಅರ್ಥವಾಗದವಳಂತೆ ಕೂತಿದ್ದೆ. ಅಳಿಯನೇ ಬಂದು ನನ್ನ ತೋಳು ಹಿಡಿದು ಎಬ್ಬಿಸಿದ.

ಹಲಗೆ ಎತ್ತಿದರು. ಕಟ್ಟು ಮೇಲೆ ಬಂತು. ಸುತ್ತಿದ ಪೇಪರಿನ ಮೇಲೆ ಕನ್ನಡ ಅಕ್ಷರ. ಯಾರದ್ದು ಎಂದು ತಿಳಿಯಲು ಅಳಿಯನಿಗೆ ಅದನ್ನು ಓದುವ ಅಗತ್ಯ ಬರಲಿಲ್ಲ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪೊಲೀಸಿನವನು ಏನೋ ಕೇಳಿದ. ಅಳಿಯ ಅಂಗೈಯನ್ನು ಎದೆಯ ಮೇಲಿಟ್ಟು ಎರಡೇ ಮಾತು ಹೇಳಿದ. ಭಾಷೆ ಬರದ ನನಗೂ ತಿಳಿಯಿತು. ನನ್ನದು ಎಂದಿದ್ದ.

ನಾನು ಸುಮ್ಮನಿದ್ದೆ. ಇದನ್ನು ಬರೆಯದೆ ದಾಟಿಬಿಡಬಹುದಿತ್ತು, ಆದರೆ ನಡೆದದ್ದು ಹಾಗೆ. ಜೀಪು ಬಂದ ಕಾಲದಲ್ಲೂ ಹೀಗೆಯೇ, ಸೊಪ್ಪು ಸಿಕ್ಕರೆ ಮಾತಾಡಲು ಗಂಡಸರು ಮುಂದೆ ಹೋಗುತ್ತಿದ್ದರು, ನಾವು ಗೋಡೆಗೆ ಒರಗಿ ನಿಲ್ಲುತ್ತಿದ್ದೆವು. ಹಾಗೆಯೇ ನಿಂತೆ. ಅವರು ಅಳಿಯನನ್ನೂ, ಕಟ್ಟನ್ನೂ, ದೋಣಿಯ ಕಾಗದಗಳನ್ನೂ ತೆಗೆದುಕೊಂಡು ಇಳಿದುಹೋದರು.

ಮೊಮ್ಮಗಳು ಹಲಗೆಯನ್ನು ಅದರ ಜಾಗಕ್ಕೆ ಕೂರಿಸಿದಳು. ಆಮೇಲೆ ನನ್ನ ಎದುರಿಗೆ ಬಂದು ನಿಂತಳು.

"ಅಜ್ಜಿ, ಅದು ನಿಂದಾ?"

"ನಂದೇ."

"ಮುಗ್ದೋಯ್ತು ಅಂದಲ್ಲ?"

"ಅಂದೆ."

"ಟೇಬಲ್ ಮ್ಯಾಲೆ ಇಟ್ಟಿದ್ರೆ ತಗಂಡು ಓಗ್ತಿದ್ರು, ಮುಗೀತಿತ್ತು. ಅಡಗ್ಸಿ ಇಟ್ಟಿದ್ದಕ್ಕೆ ಕಳ್ ಮಾಲು ಆಯ್ತು. ತಳ್ದಲ್ಲಿ ಏನೇ ಸಿಕ್ಕುದ್ರೂ ಕ್ಯಾಪ್ಟನ್ ತಲೆಗೆ. ಧಣಿಗೆ ಗೊತ್ತಾದ್ರೆ ಇವತ್ತೇ ಇಳೀರಿ ಅಂತಾನೆ. ನಾವೆಲ್ಲಿಗೆ ಓಗದು ಯೋಳು. ನಮ್ ಮನೆ ಇರಾದೇ ಈ ಹಲ್ಗೆ ಮ್ಯಾಲೆ."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಅಲ್ಲೇ ಕೂತಿರುತ್ತಿದ್ದೆನೋ ಏನೋ, ಸಮಾಧಾನ ಮಾಡುತ್ತ. ಅವಳು ಒಲೆಯ ಕಡೆ ತಿರುಗಿ, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು. ನಾನು ಮೆಟ್ಟಿಲು ಹತ್ತಿ ಮೇಲೆ ಹೋದೆ. ಹಳದಿ ಬಾವುಟ ಹಾರುತ್ತಿತ್ತು. ಒಂದು ಕಾಲನ್ನು ಕಟ್ಟೆಯ ಮೇಲಿಟ್ಟಾಗ ಅವಳು ಹಿಂದೆ ಓಡಿಬಂದಳು.

"ಇಳಿಯಂಗಿಲ್ಲ ಅಜ್ಜಿ. ಇನ್ನೊಂದು ಕೇಸಾಯ್ತದೆ."

"ಆಗ್ಲಿ ಬುಡು. ಇಡ್ಕಬ್ಯಾಡ ನನ್ನ. ನೀನು ಮಾತ್ರ ಇಳೀಬ್ಯಾಡ ಕಣವ್ವ."

ಮೂರು ದಿನ ನೀರ ಮೇಲಿದ್ದು ಇಳಿದರೆ ನೆಲವೇ ತೂಗುತ್ತದೆ. ಕಾಲಿಗೆ ಚಪ್ಪಲಿ ಇರಲಿಲ್ಲ, ಸಿಮೆಂಟು ಕಾದಿತ್ತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾವಲಿನವನು ಸೀಟಿ ಊದಿದ. ನಾನು ನಿಲ್ಲಲಿಲ್ಲ. ಅವನು ಓಡಿಬಂದು ಎದುರಿಗೆ ಕೈ ಅಡ್ಡ ಹಿಡಿದ. ನಾನು ಕೈ ಬಳಸಿಕೊಂಡು ಮುಂದೆ ಹೋದೆ. ಮುದುಕಿಯನ್ನು ಮುಟ್ಟುವುದೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಬಯ್ಯುತ್ತ ನನ್ನ ಪಕ್ಕದಲ್ಲೇ ನಡೆದು ಬಂದ. ಆಫೀಸಿನ ಬಾಗಿಲು ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಅದರ ಮುಂದೆ ಆ ನಾಯಿ ಮಲಗಿತ್ತು, ಗೊತ್ತಾಯಿತು.

ಒಳಗೆ ಮೇಜಿನ ಮೇಲೆ ನನ್ನ ಕಟ್ಟು ಬಿಚ್ಚಿತ್ತು. ಕನ್ನಡಕದ ಆಫೀಸರಮ್ಮ ಒಂದು ಎಲೆಯನ್ನು ಅಂಗೈ ಮೇಲೆ ಹರವಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಮ್ಮ ಹರಾಜು ಕಟ್ಟೆಯಲ್ಲಿ ಸೊಪ್ಪಿಗೆ ದರ್ಜೆ ಹಾಕುವವರ ಹಾಗೆಯೇ. ಅಳಿಯ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದ.

"ಅಮ್ಮಮ್ಮ, ನೀವು ಯಾಕೆ ಇಳಿದ್ರಿ? ವಾಪಸ್ ಹೋಗಿ."

"ಓಯ್ತೀನಿ. ಅದುಕ್ಕೆ ಮೊದ್ಲು ನಾ ಯೋಳದ ಇದ್ದಂಗೆ ಅವ್ರಿಗೆ ಯೋಳಿ, ಅಳೀಮಯ್ಯ. ನನ್ ಉಳ್ಸಕ್ಕೆ ಅಂತ ಒಂದ್ ಮಾತೂ ತಿರುಗ್ಸಬ್ಯಾಡಿ."

ನಾನು ಕಟ್ಟನ್ನು ತೋರಿಸಿ, ನನ್ನನ್ನು ತೋರಿಸಿಕೊಂಡು, ಬಾಯಿ ತೆಗೆದು ಹಲ್ಲು ತೋರಿಸಿದೆ. ಅದಕ್ಕೆ ಯಾರೂ ಭಾಷೆ ತಿರುಗಿಸಬೇಕಿರಲಿಲ್ಲ. ಆಫೀಸರಮ್ಮ ಕನ್ನಡಕ ಸರಿಮಾಡಿಕೊಂಡು ನನ್ನ ಹಲ್ಲಿನ ಕರೆಯನ್ನು ನೋಡಿದಳು, ಅಳಿಯನ ಬಿಳೀ ಹಲ್ಲನ್ನೂ ನೋಡಿದಳು. ಆಮೇಲೆ ಅವನಿಗೆ ಒಂದು ಪ್ರಶ್ನೆ ಹಾಕಿದಳು. ತಿನ್ನುವುದಕ್ಕೆ ತಂದದ್ದಾದರೆ ಹಲಗೆಯ ಕೆಳಗೆ ಯಾಕೆ ಇಟ್ಟಳು ಎಂದು.

ಜೀಪಿನ ಕಥೆ ಹೇಳಿದೆ. ಲೈಸೆನ್ಸ್ ಇಲ್ಲದೆ ಬೆಳೆದದ್ದನ್ನೂ ಬಿಡಲಿಲ್ಲ. ಅಳಿಯ ಮೊದಮೊದಲು ತಡವರಿಸಿ, ಆಮೇಲೆ ಒಂದೇ ಉಸಿರಿನಲ್ಲಿ ಹೇಳುತ್ತ ಹೋದ. ಅವಳು ನಗಲಿಲ್ಲ. ಸುಳ್ಳು ಎನ್ನಲೂ ಇಲ್ಲ. ಎಲೆಯನ್ನು ನನ್ನ ಕಡೆ ತಿರುಗಿಸಿ, ಅದರ ಮೇಲಿದ್ದ ಒಂದು ಸಣ್ಣ ಬಿಳೀ ಮಚ್ಚೆಗೆ ಬೆರಳಿಟ್ಟಳು. ಬೇರೆ ದೇಶದ ಸೊಪ್ಪು ಬಂದರೆ ಅದರ ಜೊತೆ ರೋಗ ಬರುತ್ತದೆ, ಇಲ್ಲಿಯ ಜನ ಬದುಕುವುದೇ ಈ ಬೆಳೆಯ ಮೇಲೆ, ಒಂದು ಎಲೆ ಸಾಕು ಎಂದು ಹೇಳಿಸಿದಳು.

ಅಲ್ಲಿ ನಾನು ಸೋತೆ. ಪೊಲೀಸಿಗಲ್ಲ, ಕಾಯಿದೆಗಲ್ಲ. ಸಸಿ ಪಾತಿಯ ಕೆಲಸಕ್ಕೆ ಬರುವ ಹೆಂಗಸರನ್ನು ಬದುವಿನ ಮೇಲೆ ನಿಲ್ಲಿಸಿ ಬಾಯಿ ತೆಗೆಸುವವಳು ನಾನು. ಸೊಪ್ಪು ಹಾಕಿಕೊಂಡಿದ್ದರೆ ಉಗಿಸಿ, ಬಾಯಿ ಮುಕ್ಕಳಿಸಿ, ಕೈಯನ್ನು ಸೋಪಿನಲ್ಲಿ ತೊಳೆಸದೆ ಒಬ್ಬಳನ್ನೂ ಪಾತಿಗೆ ಬಿಡುವುದಿಲ್ಲ. ತಿಂದ ಕೈಯಲ್ಲಿ ಸಸಿ ಮುಟ್ಟಿದರೆ ಎಲೆ ಸುರುಟಿ, ಮಚ್ಚೆ ಬಿದ್ದು ಹೊಲವೆಲ್ಲ ಹೋಗುತ್ತದೆ. ಪಿರಿಯಾಪಟ್ಟಣದಿಂದ ಬಂದ ನನ್ನ ಸ್ವಂತ ತಂಗಿಯನ್ನು ಒಂದು ಸಲ ಹೊಲದಿಂದ ಆಚೆ ಕಳಿಸಿದ್ದೇನೆ, ಎರಡು ವರ್ಷ ಅವಳು ಮಾತು ಬಿಟ್ಟಿದ್ದಳು. ಅಂಥ ನಾನು ಇವರ ಪಾತಿಗೆ ಎಲೆ ಅಡಗಿಸಿಕೊಂಡು ಬಂದಿದ್ದೆ.

"ಸುಟ್ಟಾಕಕ್ಕೆ ಯೋಳಿ. ಈಗ್ಲೇ. ಪೇಪರ್ ಸೈತ ಸುಡ್ಲಿ. ನನ್ ಕೈಗೆ ಸೋಪು ಕೊಡ್ಲಿ" ಎಂದೆ.

ಅಳಿಯ ಅದನ್ನು ಹೇಳಿದಾಗ ಆಫೀಸರಮ್ಮ ಮೊದಲ ಸಲ ನನ್ನ ಕಣ್ಣು ನೋಡಿದಳು. ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ. ಅದು ಅವಳ ಕೆಲಸ, ನಾನಾಗಿದ್ದರೂ ನಿಲ್ಲಿಸುತ್ತಿರಲಿಲ್ಲ. ಹಿತ್ತಲಿನ ಕಬ್ಬಿಣದ ಪೀಪಾಯಿಯಲ್ಲಿ ನನ್ನ ಎದುರಿಗೇ ಕಟ್ಟನ್ನು ಸುಟ್ಟರು. ಕಾಗದದಲ್ಲಿ ಹೀಗೆ ಬರೆದರು: ಸೊಪ್ಪು ಪ್ರಯಾಣಿಕಳದ್ದು, ಅವಳೇ ಬಂದು ಒಪ್ಪಿಕೊಂಡಿದ್ದಾಳೆ, ಕ್ಯಾಪ್ಟನ್ ಸುಳ್ಳು ಹೇಳಿದ್ದಕ್ಕೆ ಎಚ್ಚರಿಕೆ, ದೋಣಿಗೆ ಔಷಧಿ ಹೊಡೆಯಬೇಕು, ಎರಡು ದಿನ ಹಳದಿ ಬಾವುಟ ಇಳಿಸುವಂತಿಲ್ಲ. ನಾನು ಹೆಬ್ಬೆಟ್ಟು ಒತ್ತಲಿಲ್ಲ, ಕನ್ನಡದಲ್ಲಿ ಸಹಿ ಮಾಡಿದೆ. ಅದರ ನಕಲು ದೋಣಿಯ ಕಾಗದಗಳ ಜೊತೆ ಸೇರಿತು. ಧಣಿ ಓದಿಯೇ ಓದುತ್ತಾನೆ.

ಅವನು ಓದುವ ಮೊದಲೇ ಹೇಳುವುದು ಒಳ್ಳೆಯದೆಂದು ಅಳಿಯ ಅವತ್ತು ಸಂಜೆಯೇ ಫೋನು ಮಾಡಿದ. ನಾನು ಮಾತಾಡಲೇ ಎಂದೆ. ಬೇಡ ಎಂದ. ಧಣಿ ಎಲ್ಲ ಕೇಳಿಸಿಕೊಂಡು, ಯೋಚಿಸಿ ಹೇಳುತ್ತೇನೆ ಎಂದು ಇಟ್ಟುಬಿಟ್ಟನಂತೆ.

ಆ ಎರಡು ದಿನ ಅಳಿಯ ನನಗೆ ಒಂದು ಗಡಸು ಮಾತು ಆಡಲಿಲ್ಲ. ಬೆಳಿಗ್ಗೆ ಟೀ ತಂದು ಕೊಡುತ್ತಿದ್ದ, ಅಮ್ಮಮ್ಮ ತಗೊಳ್ಳಿ ಎನ್ನುತ್ತಿದ್ದ, ಹೋಗುತ್ತಿದ್ದ. ಹಲಗೆ ಎತ್ತಿ ನೀರು ನೋಡುವಾಗ ನನ್ನ ಕಾಲು ಅಡ್ಡ ಇದ್ದರೆ, ನಾನೇ ತೆಗೆಯುವವರೆಗೆ ಕಾಯುತ್ತಿದ್ದ. ಮೊಮ್ಮಗಳು ಬಟ್ಟೆಬರೆಯನ್ನು ಸುಮ್ಮಸುಮ್ಮನೆ ಮಡಚಿಡುತ್ತಿದ್ದಳು. ಹೊರಡು ಎಂದರೆ ಹೊರಡಲು ಸಿದ್ಧವಿರಲಿ ಎಂದು ಕಾಣುತ್ತದೆ. ಸೊಪ್ಪಿಲ್ಲದೆ ನನ್ನ ತಲೆ ಸಿಡಿಯುತ್ತಿತ್ತು, ಹೇಳಿಕೊಳ್ಳುವ ಬಾಯಿ ನನಗಿರಲಿಲ್ಲ. ಮೇಲೆ ಕೂತರೆ ದೂರದಲ್ಲಿ ಊರು ಕಾಣುತ್ತಿತ್ತು. ಫೋನು ಸದ್ದು ಮಾಡಿದಾಗಲೆಲ್ಲ ಮೂವರೂ ಕೈಯಲ್ಲಿದ್ದದ್ದನ್ನು ಬಿಡುತ್ತಿದ್ದೆವು. ಒಂದು ಸಲ ಕೆ.ಆರ್. ನಗರದಿಂದ ನನ್ನ ಮಗಳು. ಹವಾನಾ ಹೇಗಿದೆ, ಮುಂದಿನ ಸಲ ನನಗೂ ಅಲ್ಲಿಯ ಕೋಟೆ ತೋರಿಸಬೇಕು ಎಂದಳು. ಚೆನ್ನಾಗಿದೆ ಎಂದೆ. ಊರೊಳಗೆ ಇನ್ನೂ ಕಾಲಿಟ್ಟಿಲ್ಲ ಎಂದು ಹೇಳಲಿಲ್ಲ.

ಮೂರನೆಯ ದಿನ ಔಷಧಿ ಹೊಡೆದರು, ಬಾವುಟ ಇಳಿಯಿತು. ಧಣಿಯ ಮಾತು ಮಾತ್ರ ಬರಲಿಲ್ಲ. ಇಷ್ಟು ದೂರ ಬಂದು ನೋಡದೆ ಹೋಗುವುದೇಕೆ ಎಂದು ಮೊಮ್ಮಗಳು ಹೊರಡಿಸಿದಳು. ಅಳಿಯನೂ ಬಂದ, ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು.

ಊರು ಹಳೆಯದು. ಮನೆಗಳೆಲ್ಲ ಅರಮನೆಯಂತೆ ಎತ್ತರ, ಗಾರೆ ಮಾತ್ರ ಉದುರಿದೆ. ಕೆತ್ತನೆಯ ಕಂಬಗಳ ನಡುವೆ ಹಗ್ಗ ಕಟ್ಟಿ ಚಡ್ಡಿ, ಸೀರೆಯಷ್ಟು ಉದ್ದದ ಪರದೆ ಒಣಹಾಕಿದ್ದಾರೆ. ಬೀದಿಯ ಮೂಲೆಗಳಲ್ಲಿ ಹಳೆಯ ಪಿರಂಗಿಗಳನ್ನು ತಲೆಕೆಳಗಾಗಿ ನೆಟ್ಟಿದ್ದಾರೆ, ಗಾಡಿ ಗೋಡೆಗೆ ತಾಗದಿರಲೆಂದು. ದೋಣಿಯಷ್ಟು ಉದ್ದದ ಹಳೇ ಕಾರುಗಳು. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತವರು ನನ್ನ ಸೀರೆ ನೋಡಿದರು, ನಾನು ಅವರ ಬಾಯಲ್ಲಿದ್ದ ಚುಟ್ಟ ನೋಡಿದೆ. ಇದೆಲ್ಲ ನೋಡುತ್ತಿದ್ದರೂ ನನ್ನ ಕಣ್ಣು ಮತ್ತೆ ಮತ್ತೆ ಅಳಿಯನ ಜೇಬಿಗೆ ಹೋಗುತ್ತಿತ್ತು.

ಒಂದು ಕಡೆ ಕಿಟಕಿಯ ಪಕ್ಕ ಹೆಂಗಸೊಬ್ಬಳು ಹಲಗೆಯ ಮೇಲೆ ಸೊಪ್ಪು ಹರವಿ ಚುಟ್ಟ ಸುತ್ತುತ್ತಿದ್ದಳು. ಎಲೆಯ ನಡುನರವನ್ನು ಎರಡು ಬೆರಳಲ್ಲಿ ಒಂದೇ ಎಳೆತಕ್ಕೆ ತೆಗೆಯುತ್ತಿದ್ದ ರೀತಿಗೆ ನಾನು ನಿಂತುಬಿಟ್ಟೆ. ಅವಳು ನನ್ನನ್ನು ನೋಡಿ ಒಂದು ಎಲೆಯನ್ನು ಮುಂದೆ ಚಾಚಿದಳು, ಮುಟ್ಟಿ ನೋಡು ಎಂದು. ಎಣ್ಣೆ ಹಚ್ಚಿದಂತೆ ಮಿರುಗುವ ಎಲೆ. ಬೇರೆ ದಿನವಾಗಿದ್ದರೆ ಮುಟ್ಟಿ, ಮೂಸಿ, ಬಾಯಿಗೂ ಹಾಕಿಕೊಳ್ಳುತ್ತಿದ್ದೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅಳಿಯ ಅದನ್ನು ನೋಡಿದ.

ಫೋನು ಬಂದದ್ದು ಸಮುದ್ರದ ಪಕ್ಕದ ಉದ್ದ ಗೋಡೆಯ ಹತ್ತಿರ. ಅಲೆ ಗೋಡೆಗೆ ಬಡಿದು ರಸ್ತೆಯ ಮೇಲೆ ಸುರಿಯುತ್ತಿತ್ತು. ಅಳಿಯ ದೂರ ಹೋಗಿ, ಒಂದು ಕಿವಿ ಮುಚ್ಚಿಕೊಂಡು ಮಾತಾಡಿದ. ಹೂಂ ಎನ್ನುವಂತೆ ತಲೆಯಾಡಿಸುವುದು ಮಾತ್ರ ಕಾಣುತ್ತಿತ್ತು. ಮೊಮ್ಮಗಳು ನನ್ನ ಕೈ ಹಿಡಿದಿದ್ದಳು, ನನ್ನ ಮೇಲಿನ ಕೋಪ ಮರೆತು. ಬೆರಳು ನೋಯುವಷ್ಟು ಬಿಗಿಯಾಗಿ.

ಅಳಿಯ ಬಂದ. ಮೊದಲು ಅವಳಿಗೆ ಹೇಳಿದ, ಕೆಲಸ ಉಳಿಯಿತು ಎಂದು. ತಾನೇ ಮೊದಲು ಫೋನು ಮಾಡಿದ್ದಕ್ಕೆ, ಕಾಗದದಲ್ಲಿ ಸೊಪ್ಪು ಪ್ರಯಾಣಿಕಳದ್ದು ಎಂದು ಇದ್ದದ್ದಕ್ಕೆ. ಅವಳು ನನ್ನ ಕೈ ಬಿಟ್ಟು ಗೋಡೆಯ ಮೇಲೆ ಕೂತಳು. ಆಮೇಲೆ ಅವನು ನನ್ನ ಕಡೆ ತಿರುಗಿದ. ಹೇಳಲು ಅವನಿಗೆ ಕಷ್ಟವಾಗುತ್ತಿತ್ತು.

"ಇನ್ನು ಮೇಲೆ ಮನೆಯವರು ಯಾರೂ ದೋಣಿ ಹತ್ತೋ ಹಾಗಿಲ್ಲ ಅಮ್ಮಮ್ಮ. ನೀವೂ ಅಷ್ಟೇ. ಇವತ್ತಿಂದ್ಲೇ."

"ಸರಿಯಾಗೇ ಯೋಳವ್ನೆ" ಎಂದೆ. "ನಾನಾಗಿದ್ರೂ ಅತ್ತಿಸ್ತಿರ್ನಿಲ್ಲ."

ಉಳಿದ ದಿನ ಹಳೇ ಊರಿನಲ್ಲಿ ಒಬ್ಬ ವಿಧವೆಯ ಮನೆಯ ಬಾಡಿಗೆ ಕೋಣೆಯಲ್ಲಿದ್ದೆ. ಮೊಮ್ಮಗಳು ನನ್ನ ಚೀಲವನ್ನು ಅಲ್ಲಿಗೇ ತಂದುಕೊಟ್ಟಳು. ಕೋಟೆಯನ್ನೂ ನೋಡಿದೆ. ವಿಮಾನ ಹತ್ತಿಸಲು ಅಳಿಯನೂ ಬಂದಿದ್ದ. ಕಾಲಿಗೆ ಬಿದ್ದು ನಮಸ್ಕಾರ ಮಾಡಿದ. ಕ್ಷಮಿಸಿದನೋ, ಪದ್ಧತಿಗೆ ಮಾಡಿದನೋ, ನಾನು ಕೇಳಲಿಲ್ಲ.

ಊರಿಗೆ ಬಂದ ವಾರಕ್ಕೆ ಕೆ.ಆರ್. ನಗರಕ್ಕೆ ಹೋಗಿ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೇಳಿ ಮುಗಿಸಿ, ಎದ್ದು ಹೋಗಿ, ಹೊಸ ಪಾಸ್‌ಪೋರ್ಟನ್ನು ಟೇಬಲ್ ಮೇಲಿಂದ ತೆಗೆದು, ಬೀರುವಿನ ಬಾಗಿಲು ತೆರೆದು ಸೀರೆಗಳ ಕೆಳಗೆ ಇಟ್ಟಳು. ಬಂದು ಮತ್ತೆ ಮೊರ ಹಿಡಿದಳು.

"ಊಟ ಮಾಡ್ಕಂಡೇ ಓಗವ್ವ" ಎಂದಳು.

ಬಯ್ಯುತ್ತಾಳೆ ಎಂದು ನಾನು ಕಾದೆ. ಅವಳು ಬಯ್ಯಲಿಲ್ಲ. ಊಟ ಮಾಡಿ, ಮೂರು ಗಂಟೆಯ ಬಸ್ಸು ಹಿಡಿದು ಬಂದೆ. ಮಾರನೆಯ ದಿನ ಸಸಿ ಪಾತಿಗೆ ನೀರು ಹಾಯಿಸುವುದಿತ್ತು.